ಬೂಟಿನ ದಾರ

ಠಾಣೆಯಲ್ಲಿ ನನ್ನನ್ನು ರೈಟರ್ ಅಂತಾರೆ.
ಹತ್ತೊಂಬತ್ತು ವರ್ಷದಿಂದ ಬರೆದದ್ದು ಒಂದೇ ಕತೆ:
ಸದರಿ ಶವವು ಅಂಗಾತವಾಗಿ ಬಿದ್ದಿದ್ದು,
ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ,
ಪಂಚರ ಸಮಕ್ಷಮ.

ಪುಸ್ತಕ ಸಿಕ್ಕಿದ್ದು ರೈಲಿನಲ್ಲಿ. ಮೇಲಿನ ಬರ್ತಿನ ಮೂಲೆಗೆ
ಒಂದು ಮಫ್ಲರು, ಅರ್ಧ ಪೊಟ್ಟಣ ಬಿಸ್ಕತ್ತು,
ರಕ್ಷಾಪುಟದ ತುಂಬ ಹಿಮ ಸುರಿದ ಇಂಗ್ಲಿಷ್ ಪತ್ತೇದಾರಿ.
ಬಿಟ್ಟುಹೋದ ಸಾಮಾನಿನ ವಹಿಯಲ್ಲಿ ನಾನೇ ಬರೆದೆ,
ವಾರಸುದಾರರಿಲ್ಲ.
ಮಫ್ಲರು ದಾವಣಗೆರೆಯಲ್ಲಿ ಯಾರಿಗೆ ಬೇಕು?
ಬಿಸ್ಕತ್ತು ಇಲಿಗೆ. ಪುಸ್ತಕ ನನಗೆ.

ಏಪ್ರಿಲ್. ಬೆಳಗಿನ ಜಾವಕ್ಕೂ ಗೋಡೆ ಮುಟ್ಟಿದರೆ ಬಿಸಿ.
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊಟ್ಟು ಸುಟ್ಟ ಹೊಗೆ,
ಫ್ಯಾನು ಸುತ್ತಿ ಸುತ್ತಿ ಅದನ್ನೇ ಹಂಚುತ್ತದೆ.
ನೈಟ್ ಡ್ಯೂಟಿಯಲ್ಲಿ ಡಿಕ್ಷನರಿ ಇಟ್ಟುಕೊಂಡು
ರಾತ್ರಿಗೆ ನಾಲ್ಕು ಪುಟದಂತೆ
ನಾನು ಸ್ವೀಡನ್ನಿನ ಹಿಮದಲ್ಲಿ ನಡೆದೆ.
ಎರಡನೇ ಅಧ್ಯಾಯಕ್ಕೆ ಕಾಲ್ಬೆರಳು ಮರಗಟ್ಟಿತು, ಸುಳ್ಳಲ್ಲ.

ಅಲ್ಲಿ ಸೂರ್ಯ ಮೂರಕ್ಕೇ ಡ್ಯೂಟಿ ಮುಗಿಸುತ್ತಾನೆ.
ಪಕ್ಕದ ಮನೆ ಎರಡು ಮೈಲಿ, ಪಕ್ಕದ ಮಾತು ಎರಡು ದಿನ.
ಇನ್ಸ್‌ಪೆಕ್ಟರನ್ನು ಹೆಂಡತಿ ಬಿಟ್ಟಿದ್ದಾಳೆ, ಹೊಟ್ಟೆ ಸರಿಯಿಲ್ಲ,
ಮಗಳು ಫೋನೆತ್ತುವುದಿಲ್ಲ.
ಎಲ್ಲ ಠಾಣೆಯಲ್ಲೂ ಅಂಥವನೊಬ್ಬ ಇರುತ್ತಾನೆ ಬಿಡಿ.
ನಮ್ಮ ರಾಜಾಸಾಬರು ಹೀಗೇ ರಿಟೈರಾದರು.

ಕೆರೆ ಹೆಪ್ಪುಗಟ್ಟಿದೆ. ಗಾಜಿನಂಥ ನೀರ ಕೆಳಗೆ ಹುಡುಗಿ.
ಒಬ್ಬಳು.
ಒಬ್ಬಳಿಗೆ ನಾಲ್ಕುನೂರ ಎಂಬತ್ತು ಪುಟ!
ಹನ್ನೆರಡು ಜನ ಮೇಜಿನ ಸುತ್ತ ಕೂತು
ಕಾಫಿ ಆರಿಹೋದರೂ ಏಳದೆ
ಅವಳ ಬೂಟಿನ ದಾರದ ಬಗ್ಗೆ ಮಾತಾಡುತ್ತಾರೆ.
ಯಾಕೆ ಎರಡು ಗಂಟು? ಯಾರು ಕಟ್ಟಿದ್ದು?
ದಾರಕ್ಕೇ ಹದಿಮೂರು ಪುಟ.
ಅಲ್ಲಿ ನಾನು ಪುಸ್ತಕ ಮಗುಚಿಟ್ಟು
ಕೂಜದ ನೀರು ಕುಡಿದು ಬಂದೆ.

ಕೊಂದವನು ದೋಣಿ ರಿಪೇರಿಯವನೆಂದು
ಅರ್ಧಕ್ಕೇ ಗೊತ್ತಾಗಿತ್ತು. ಅದಕ್ಕಲ್ಲ ಓದಿದ್ದು.
ಪಿಎಸ್‌ಐ ಕೇಳಿದರು, "ಏನ್ ಪಾಲಮ್ಮ,
ಹಗಲಿನ ಹೆಣ ಸಾಲದಾ, ರಾತ್ರಿನೂ ಬೇಕಾ?"
ನಕ್ಕೆ. ಇನ್ನೇನು ಹೇಳಲಿ.

ಯು.ಡಿ.ಆರ್. ಹದಿನೇಳು.
ಹೆಂಗಸು, ಸುಮಾರು ಮೂವತ್ತು, ಗೋಧಿ ಮೈಬಣ್ಣ,
ಹರಿಹರದ ಕಡೆಯ ಹಳಿ.
ಗುರುತು ಪತ್ತೆಯಾಗಿರುವುದಿಲ್ಲ.
ನಾನೇ ಬರೆದದ್ದು. ಹನ್ನೊಂದು ಸಾಲು.
ಫ್ರೀಜರ್ ಕೆಟ್ಟಿತ್ತು, ಐಸ್ ಫ್ಯಾಕ್ಟರಿಯಿಂದ ದಿಮ್ಮಿ ತರಿಸಿದ್ದೆವು.
ಈ ಊರಲ್ಲಿ ನಾನು ಕಂಡ ಹಿಮ ಅಷ್ಟೇ:
ಮರದ ಹೊಟ್ಟು ಮೆತ್ತಿಕೊಂಡು, ಅವಳ ಮಗ್ಗುಲಲ್ಲಿ
ಮೂರು ದಿನ ಕರಗಿ,
ಶವಾಗಾರದ ಹೊಸ್ತಿಲು ದಾಟಿ ಬಂದು
ನನ್ನ ಬೂಟು ನೆನೆಸಿದ್ದು.

ಬೀರು ತೆಗೆದೆ. ಚೀಟಿ ಕಟ್ಟಿದ ಚೀಲದಲ್ಲಿ ರವಿಕೆ.
ಅರಿಶಿನ ಬಣ್ಣ. ಕಾಜಾಗಳಿಗೆ ಮಾತ್ರ ನೀಲಿ ದಾರ.
ಮೂರು ತಿಂಗಳ ಕೆಳಗೂ ನೀಲಿಯೇ ಇತ್ತು,
ನಾನು 'ರವಿಕೆ ಒಂದು' ಎಂದು ಬರೆದಿದ್ದೆ.

ಭಾನುವಾರ ಸೀರೆಯುಟ್ಟು, ಫೋನಿನಲ್ಲಿ ಫೋಟೋ ಹಿಡಿದು
ಚೌಕಿಪೇಟೆ, ಮಂಡಿಪೇಟೆ, ಭಾಷಾ ನಗರ.
ಒಬ್ಬ ಟೈಲರು ಟೀ ಕೊಟ್ಟ, ಒಬ್ಬ ಹೆದರಿದ.
ನಿಟುವಳ್ಳಿಯ ಶಹತಾಜ್ ಹಲ್ಲಲ್ಲಿ ಕಚ್ಚಿದ ದಾರ ಬಿಡದೆ
ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ,
"ಟೈಲರ್ ಕೈಯಲ್ಲ ಅಕ್ಕ ಇದು.
ದುಡ್ಡಿಗೆ ಹೊಲಿಯೋರು ಬಣ್ಣ ತಪ್ಪಿಸಲ್ಲ.
ತಾನೇ ಹೊಲ್ಕೊಂಡಿದಾಳೆ.
ಗಂಟು ತಿರುವುಮುರುವು ನೋಡು,
ಎಡಚಿ."

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ: ಮೃತಳು ಎಡಗೈಯಲ್ಲಿ ಹೊಲಿಯುತ್ತಿದ್ದಳು.
ಸಾಹೇಬರು ಓದದೆ ಸಹಿ ಹಾಕಿದರು.

ಮುಂದಿನ ವಾರ ಹರಿಹರ.
ಓಣಿಗೊಂದು ಕಟ್ಟೆ, ಕಟ್ಟೆಗೆ ನಾಲ್ಕು ಹೆಂಗಸರು.
ಕೇಳಬೇಕು, ಇಲ್ಲಿ ಯಾರಾದರೂ
ಎಡಗೈಲಿ ಸೂಜಿ ಹಿಡಿಯೋಳು,
ಇತ್ತೀಚೆಗೆ