ಗರಿಗಾಲಿನ ಕೋಳಿ

ಲಕ್ಷ್ಮೇಶ್ವರದ ಪಶು ಆಸ್ಪತ್ರಿ ಹುಡುಗ
ಶಿಗ್ಲಿಗೆ ಬಂದಾನ, ಕೈಯಾಗ ಫಾರಂ:
ಬಣ್ಣ, ತೂಕ, ಜುಟ್ಟು, ಕಾಲು.
ಹಾಜರಾಂಬಿ ಮರ ಕೆಳಗಿಟ್ಟಳು.

ಬಣ್ಣ ಏನಂತ ಹೇಳಲೋ ತಮ್ಮಾ,
ಹುರದ ಅಗಸಿ ಬಣ್ಣ. ಬಿಸಲಿಗೆ ಹೊಳ್ಳಿದ್ರ
ಕುತ್ತಿಗಿ ಮ್ಯಾಲೆ
ನವಿಲಿನ ಹತ್ರ ಕಡಾ ತಂದಂಗ ಒಂದೀಟು ಹಸರು.

ಕಾಲಿಗೂ ಗರಿ, ಬೆರಳಿನ ತನಕ.
ಮಳಿ ಬಿದ್ದ ಎರಿಹೊಲಕ್ಕ ಹೋಗಿ
ಸೇರ್ ಮಣ್ಣು ಹೊತಗೊಂಡು ಬರತಿತ್ತು.
ತೂಕ ಅಂದಿ,
ಮಣ್ಣು ಹಿಡದೋ, ಬಿಟ್ಟೋ?

ಜುಟ್ಟು ಎಡಕ್ಕ ವಾಲಿರತಿತ್ತು
ನಮ್ಮ ಮಾವ ಮರ್ದಾನಸಾಬರ ಟೊಪಗಿ ಹಂಗ.
ಹುಡುಗ ನಕ್ಕ, 'ಎಡಕ್ಕ' ಅಂತ ಬರಕೊಂಡ.

ಹದ್ದು ಬಂದ್ರ ಕೂಗತಿರಲಿಲ್ಲ.
ಲೊಚಗುಟ್ಟೂದು ನಿಂದರಿಸಿಬಿಡತಿತ್ತು, ಅಷ್ಟ.
ಆ ಸುಮ್ಮಕಾದದ್ದು ಕೇಳಿದ್ದ ತಡ
ಮರಿಯೆಲ್ಲಾ ಕಣಕಿ ಬಣವಿ ಬುಡಕ.

ಇದಕ್ಕ ಕಾಲಂ ಇಲ್ಲ, ಆಯಿ.
ಪೆನ್ನು ಗಾಳ್ಯಾಗ ನಿಂತಿತು.
ಕಡೀದು ನೋಡಿದ್ದು ಯಾವಾಗ?

ಖೈರುನ್ನಿ ಹಡದಾಗ.
ಬಾಣಂತಿಗೆ ಬಿಸಿ ಸಾರು ಬೇಕಿತ್ತು.
ಅದು ಕಡೀದು ಅಂತ
ಯಾರಿಗೆ ಗೊತ್ತಿತ್ತು.

ಮರ ತೊಡಿ ಮ್ಯಾಲೆ ತಗೊಂಡಳು,
ನಾಕು ಕಾಳು ಕೇರಿದಳು.

ರುಚಿ ಕೇಳಂಗಿಲ್ಲೇನು, ಫಾರಮ್ಮಿನಾಗ?