ಬಾಗಿಲ ಒಳಮೈಯ ಪಟ್ಟಿ

ಮರ್ಫಿ ಟೌನ್ ಮಾರ್ಕೆಟ್ ಹಿಂದೆ ನನ್ನ ಅಂಗಡಿ, ಪಿಸ್ಸೆ ಟೈಲರ್ಸ್.
ಬಾಗಿಲ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಹೆಸರು.
ಬೆಳಿಗ್ಗೆ ತೆರೆದರೆ ಪಟ್ಟಿ ಗೋಡೆಗೆ ಮುಖ ಮಾಡುತ್ತದೆ,
ರಾತ್ರಿ ಮುಚ್ಚಿದರೆ ನನಗೆ.

ಲೈಟ್ ಹೆವಿವೇಟ್. ಎಂಬತ್ತೊಂದು ಕಿಲೋ,
ಮೇಲೊಂದು ಗುಲಗಂಜಿ ಹೆಚ್ಚಿರಬಾರದು.
ಹಗುರವೋ ಭಾರವೋ, ಹೆಸರಿಟ್ಟವನಿಗೇ ತೀರ್ಮಾನವಿರಲಿಲ್ಲ.
ಭಾರದವನ ಏಟು ಬೇಕು, ಹಗುರದವನ ಹೆಜ್ಜೆ ಬೇಕು,
ಎರಡೂ ಇದ್ದವನಿಗೆ ರಾತ್ರಿ ಊಟವಿಲ್ಲ.

ನಾನು ಏಟು ಕೊಟ್ಟವನಲ್ಲ, ತಿಂದವನೂ ಅಲ್ಲ.
ಮೂವತ್ತೆಂಟು ವರ್ಷ ಅವರ ಚಡ್ಡಿ ಹೊಲಿದವನು.
ಚಿಕ್ಕಪೇಟೆಯ ಸ್ಯಾಟಿನ್, ನಾಲ್ಕು ಬೆರಳಗಲ ಎಲಾಸ್ಟಿಕ್,
ಪಕ್ಕದಲ್ಲಿ ಪಟ್ಟಿ: ಫ್ಯಾಕ್ಟರಿಯವರಿಗೆ ನೀಲಿ, ಮಿಲಿಟರಿಯವರಿಗೆ ಕೆಂಪು.
ಟೇಪು ಸುತ್ತುವಾಗ ಹೊಟ್ಟೆ ಒಳಗೆಳೆದುಕೊಳ್ಳುವವನು
ರಿಂಗಿನಲ್ಲೂ ಸುಳ್ಳು ಹೇಳುತ್ತಾನೆ.
ಇಷ್ಟೇ ನನ್ನ ಶಾಸ್ತ್ರ.

ಹತ್ತು, ಡೆಸ್ಮಂಡ್ ಪಿಂಟೋ. ಎಡಗೈ ಚಂದ, ಬಲಗೈಗೆ ರಜೆ.
ಒಂಬತ್ತು, ಎಂಟು ವಾರಕ್ಕೊಮ್ಮೆ ಅದಲುಬದಲು,
ಆ ವಾರ ಚಹಾ ಕೊಡಿಸಿದವರು ಯಾರು ಅನ್ನುವುದರ ಮೇಲೆ.
ಐದು, ಫೈರ್ ಬ್ರಿಗೇಡಿನ ರುದ್ರಯ್ಯ. ನಿಧಾನ.
ಆದರೆ ಬಿತ್ತು ಅಂದರೆ, ಕಂಠೀರವದ ಮೇಲಿನ ಸಾಲಿನಲ್ಲಿ
ಕಡಲೆಕಾಯಿ ತಿನ್ನುತ್ತಿದ್ದವನೂ
ತನ್ನ ದವಡೆ ಮುಟ್ಟಿ ನೋಡಿಕೊಳ್ಳುತ್ತಿದ್ದ.
ನಾಲ್ಕು, ಖಲಂದರ್. ರಸೆಲ್ ಮಾರ್ಕೆಟ್ಟಿನಲ್ಲಿ ಕುರಿ ಹೊತ್ತ ಭುಜ,
ಬಲಗಡೆ ಅರ್ಧ ಇಂಚು ಹೆಚ್ಚು. ನನ್ನ ಪುಸ್ತಕದಲ್ಲಿದೆ.
ಮೂರು, ಐಟಿಐ ಮುನಿವೀರಪ್ಪ.

ಮೊದಲೆರಡಕ್ಕೆ ದಿನಾ ಜಗಳ.
ಕಟಿಂಗ್ ಶಾಪಿನ ಸೆಲ್ವಂ ಕ್ಲೆಮೆಂಟ್ ಅನ್ನುತ್ತಾನೆ,
ನಾನು ಹವಾಲ್ದಾರ್ ತಂಗವೇಲು ಅನ್ನುತ್ತೇನೆ.
ಆ ಕಾಲದ ಗ್ಲೌಸು ಬೇರೆ, ಈ ಕಾಲದ್ದು ಬೇರೆ;
ಗೆದ್ದದ್ದು ಎಷ್ಟು ಬಿಡು, ಯಾರ ಮೇಲೆ ಗೆದ್ದ ಹೇಳು;
ಸತ್ತವರಿಗೆ ನೀನು ಎರಡು ಪಾಯಿಂಟ್ ಜಾಸ್ತಿ ಕೊಡ್ತೀಯ ಮಾರಾಯ,
ಅಂತಾನೆ ಸೆಲ್ವಂ, ಕತ್ತರಿ ಝಳಪಿಸುತ್ತ.
ಕೊಡ್ತೀನಿ. ಅವರು ವಾದಕ್ಕೆ ಬರೋದಿಲ್ಲವಲ್ಲ.

ಬದುಕಿದ್ದ ಒಬ್ಬ ಬಂದ.
ಹೋದ ತಿಂಗಳು, ಊಟಕ್ಕೆಂದು ಬಾಗಿಲು ಅರ್ಧ ಎಳೆದಿದ್ದೆ.
ಕೈಯಲ್ಲಿ ಪ್ಯಾಂಟು, ‘ಸಡಿಲ ಆಗಿದೆ, ಸ್ವಲ್ಪ ಹಿಡಿದುಕೊಡು’ ಅಂದ.
ಮುನಿವೀರಪ್ಪ. ಅರ್ಧ ಆಳಾಗಿದ್ದ.
ಕನ್ನಡಕ ಮೇಲೇರಿಸಿ ಪಟ್ಟಿ ಓದಿದ,
ರೇಷನ್ ಅಂಗಡಿಯ ನೋಟಿಸು ಓದುವ ಹಾಗೆ.

‘ಯೇಸುಪಾದಂ ಎಲ್ಲಿ?’
ಯಾವ ಯೇಸುಪಾದಂ?
‘ಕೆಜಿಎಫ್‌ನವನು. ಬೆಳಗಿನ ರೈಲಿಗೆ ಬಂದ, ಆಯ್ಕೆಯ ದಿನ.
ಏಳು ಗಂಟೆ. ಖಾಲಿ ಕುರ್ಚಿ, ಕಸ ಗುಡಿಸುವವಳೊಬ್ಬಳು.
ಮೂರು ರೌಂಡೂ ಗಾಳಿಗೇ ಹೊಡೆದೆ ನಾನು.
ಪಾಯಿಂಟು ನನಗೆ ಕೊಟ್ಟರು.
ಕೆಲಸ, ಕ್ವಾರ್ಟರ್ಸು, ಎಲ್ಲ ಆಮೇಲೆ ಬಂತು.’

ಹೆಬ್ಬೆರಳಲ್ಲಿ ತನ್ನ ಹೆಸರು ಒರೆಸಿದ.
ಆ ಜಾಗದಲ್ಲಿ ಆ ಹೆಸರು ಬರೆದ, ವಕ್ರವಕ್ರ.
‘ನನ್ನದು ಎಲ್ಲಿ ಬೇಕಾದರೂ ಹಾಕು.’

ರಾತ್ರಿ ಪುಸ್ತಕ ಪೂರ್ತಿ ಮಗುಚಿದೆ.
ಯೇಸುಪಾದಂ ಅಳತೆ ಇಲ್ಲ. ಎದೆ ಇಲ್ಲ, ಸೊಂಟ ಇಲ್ಲ.
ಯಾರದೋ ಚಡ್ಡಿಗೆ ಲಾಡಿ ಬಿಗಿದು ಆಡಿರಬೇಕು.
ನಾನು ಅಳೆಯದವನು ನನ್ನ ಬಾಗಿಲ ಮೇಲೆ ಮೂರನೆಯವನು.
ಸೆಲ್ವಂ ಇನ್ನೂ ಒಪ್ಪಿಲ್ಲ.

ಮುನಿವೀರಪ್ಪನ ಸೊಂಟ ಮೂವತ್ತು.
ಟೇಪು ಸುತ್ತುವಾಗ ಉಸಿರು ಬಿಟ್ಟೇ ನಿಂತಿದ್ದ.
ಪ್ಯಾಂಟು ನಾಲ್ಕು ಇಂಚು ಒಳಗೆ ಹಿಡಿದೆ.
ಬಟ್ಟೆ ಕತ್ತರಿಸಲಿಲ್ಲ, ಮಡಿಚಿ ಹೊಲಿದೆ,
ಮತ್ತೆ ಬಿಡಬೇಕಾಗಿ ಬಂದರೆ ಇರಲಿ ಅಂತ.