ಹಲ್ಲು ಎಣಿಸುವ ಕಿವಿ

ಮಂಡಿಪೇಟೆಯ ದೇವೀಚಂದನ ಅಂಗಡಿಯಲ್ಲಿ
ಹುಡುಗ ಗಾಜಿನ ಮೇಲೆ ಐದು ಟಾರ್ಚು ಇಟ್ಟ,
ಸಂತೆಯ ಬದನೆಕಾಯಿಯ ಹಾಗೆ ಒಂದೊಂದನ್ನೂ ಒರೆಸಿ.
ಸೆಲ್ಲು ಬೇಡ, ಕರೆಂಟು ಬೇಡ,
ಹಿಡಿಕೆ ತಿರುವಿದರೆ ಸಾಕಮ್ಮಾ.
ಇದಕ್ಕೆ ರೇಡಿಯೋ ಐತಿ, ಇದಕ್ಕೆ ಸೈರನ್ನು,
ಇದು ನೀರಿಗೆ ಬಿದ್ದರೂ ಏನೂ ಆಗಲ್ಲ.

ನೀರಿಗೆ ಯಾಕಪ್ಪ ಬೀಳಬೇಕು ಅದು,
ನಮ್ಮ ಓಣಿಗೆ ನೀರು ಬರೋದೇ ಎಂಟು ದಿನಕ್ಕೊಮ್ಮೆ.

ಕಣ್ಣು ಮುಚ್ಚಿದೆ.
ಹುಡುಗ ಗಾಬರಿಯಾದ: ತಲೆ ಸುತ್ತು ಬಂತಾ?
ಇಲ್ಲ. ನೀನು ತಿರುವು, ನಾನು ಕೇಳ್ತೀನಿ.

ಇಪ್ಪತ್ತೆರಡು ವರ್ಷ ಹತ್ತಿ ಗಿರಣಿಯ ವೈಂಡಿಂಗ್ ಖಾತೆಯಲ್ಲಿ,
ನೂರಾರು ಕದಿರುಗಳ ಗದ್ದಲದೊಳಗೆ
ಒಂದೇ ಒಂದು ಬೇರಿಂಗು ಕೆಮ್ಮಿದರೂ
ಹೊರಳಿ ನೋಡುತ್ತಿದ್ದ ಕಿವಿ ಇದು.
ಗಿರಣಿ ಮುಚ್ಚಿತು, ಚಿಮಣಿ ಬಿತ್ತು, ಜಾಗ ಸೈಟುಗಳಾಯಿತು.
ಕಿವಿಯ ಲೆಕ್ಕ ಮಾತ್ರ ಯಾರೂ ಚುಕ್ತಾ ಮಾಡಲಿಲ್ಲ.

ಮೊದಲನೆಯದು ಕಿರ್ರೆಂದು ನಕ್ಕಿತು. ಒಳಗೆಲ್ಲ ಪ್ಲಾಸ್ಟಿಕ್ಕು.
ಎರಡನೆಯದರ ಚಕ್ರಕ್ಕೆ ಒಂದು ಹಲ್ಲಿಲ್ಲ:
ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಎಡವುತ್ತದೆ,
ಎಡವಿ, ಯಾರೂ ನೋಡಲಿಲ್ಲ ಅಂತ ಮುಂದೆ ಹೋಗುತ್ತದೆ.
ಮೂರನೆಯದು ಸುಳ್ಳ.
ತಿರುವುವ ಮೊದಲೇ ಬೆಳಗಿತು,
ಹೊಟ್ಟೆಯಲ್ಲಿ ಗುಂಡಿ ಸೆಲ್ಲು ಬಚ್ಚಿಟ್ಟುಕೊಂಡು.

ಯಾಕಿಷ್ಟು ಪರೀಕ್ಷೆ ಅಂತ ಹುಡುಗ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಹೋದ ತಿಂಗಳು ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿ
ಗೋಡೆಯಾಚೆಯ ಖಮರುನ್ನೀಸಾಗೆ ಉಸಿರು ಸಿಗಲಿಲ್ಲ.
ಮೊಬೈಲು ಸತ್ತಿತ್ತು.
ಮೊಳೆಗೆ ನೇತುಹಾಕಿದ್ದ ಟಾರ್ಚಿನಲ್ಲಿ ಸೆಲ್ಲು ಒಡೆದು
ಸ್ಪ್ರಿಂಗು ಹಸಿರು ಹಿಡಿದಿತ್ತು.
ಅವಳು ಬಾಯಿಗಿಟ್ಟು ಎಳೆದುಕೊಳ್ಳುವ ಆ ನೀಲಿ ಪಂಪು,
ಅದನ್ನು ಗ್ಯಾಸ್ ಲೈಟರಿನ ಕಿಡಿಯಲ್ಲಿ ಹುಡುಕಿದೆ.
ಟಕ್. ಅಕ್ಕಿ ಡಬ್ಬಿ.
ಟಕ್. ಮೊಮ್ಮಗನ ಒಂಟಿ ಚಪ್ಪಲಿ.
ಟಕ್. ಅವಳ ಬಾಯಿ, ತೆರೆದದ್ದು.
ಟಕ್. ಮತ್ತೆ ಅದೇ ಅಕ್ಕಿ ಡಬ್ಬಿ.
ಪಂಪು ಅವಳ ದಿಂಬಿನ ಚೀಲದೊಳಗೇ ಇತ್ತು.
ಬೆಳಿಗ್ಗೆ ಚಹಾ ಕುಡಿಯುವಾಗ
ಇಬ್ಬರೂ ಸೊಪ್ಪಿನ ರೇಟು ಮಾತಾಡಿದೆವು.

ನಾಲ್ಕನೆಯದು ಸರಿಯಾದ ಸದ್ದು.
ಬೀಸುಕಲ್ಲಿಗೆ ಹಿಡಿ ಜೋಳ ಬಿದ್ದ ಹಾಗೆ
ತುಂಬಿದ ಗರಗರ.
ಆದರೆ ಹಿಡಿಕೆ ಬಲಕ್ಕೆ.
ನನ್ನ ಬಲಗೈಯ ಎರಡು ಬೆರಳು ಗಿರಣಿಯಲ್ಲೇ ಉಳಿದಿವೆ.
ಎಡಗೈಯವರಿಗೆ ಅಂತ ಬೇರೆ ಬರಲ್ಲಮ್ಮಾ, ಅಂದ ಹುಡುಗ,
ಬೆರಳಿದ್ದ ಜಾಗವನ್ನು ನೋಡಿ, ನೋಡದ ಹಾಗೆ ಮಾಡಿ.

ಟಾರ್ಚು ಇಸಿದುಕೊಂಡು ಬೋರಲು ಹಿಡಿದೆ.
ಹಿಡಿಕೆ ಎಡಕ್ಕೆ ಬಂತು.
ಬೆಳಕಿಗೆ ಯಾವುದು ಮೇಲು, ಯಾವುದು ಕೆಳಗು?

ಹಗಲಿನಲ್ಲಿ ಎಲ್ಲ ದೀಪವೂ ಒಳ್ಳೆಯದೇ.
ಗೋದಾಮು ತೋರಿಸು ಅಂದೆ.
ಬಾಗಿಲು ಮುಂದೆ ಮಾಡಿದ. ಅರವತ್ತು ಸುತ್ತು ತಿರುವಿದೆ.
ರಟ್ಟಿನ ಪೆಟ್ಟಿಗೆಗಳು, ಒಂದು ಹಲ್ಲಿ,
ಹುಡುಗನ ಮೀಸೆ, ಇನ್ನೂ ಪೂರ್ತಿ ಬಂದಿಲ್ಲ.
ಕೈ ನಿಲ್ಲಿಸಿದೆ. ಇಬ್ಬರೂ ಕಾದೆವು,
ಬೆಳಕು ಎಷ್ಟು ಹೊತ್ತು ಕೊಟ್ಟ ಮಾತಿಗೆ ನಿಲ್ಲುತ್ತದೆ ಅಂತ.
ಹೊರಗಿನಿಂದ ದೇವೀಚಂದ ಕೂಗಿದ.
ಹುಡುಗ ಮೆಲ್ಲಗೆ, ನಾನೂ ಒಮ್ಮೆ ತಿರುವಲಾ?
ನೂರಾರು ಮಾರೀನಿ, ಕತ್ತಲಲ್ಲಿ ನೋಡಿಲ್ಲ.

ಮುನ್ನೂರ ನಲವತ್ತು ಅಂದದ್ದು ಇನ್ನೂರ ತೊಂಬತ್ತಕ್ಕೆ ಬಂತು.
ಐದನೆಯದನ್ನು ಮುಟ್ಟಲೇ ಇಲ್ಲ.

ರೈಲ್ವೆ ಗೇಟು ಹಾಕಿತ್ತು.
ಗೂಡ್ಸು ಗಾಡಿ, ಮುಗಿಯದ ಡಬ್ಬಿಗಳು,
ಆಟೋ ಒಳಗೆ ಮಾತು ಮಾತಿಗೆ ಕೇಳಿಸದಷ್ಟು ಸದ್ದು.
ಚೀಲದೊಳಗೆ ಕೈ ಇಟ್ಟು ಹಿಡಿಕೆಯನ್ನು
ಒಂದೇ ಒಂದು ಸುತ್ತು ತಿರುವಿದೆ.

ಹಲ್ಲುಗಳೆಲ್ಲ ಇದ್ದವು.